ಪುಟ್ಟತಾಯಮ್ಮ ಕೇಳಿದ ಕುರ್ಚಿ

ಮಲ್ಲಿಕಾರ್ಜುನ್ ಅನ್ನುವ ಹೆಸರು ಬಾಯಿಗೆ ಬಂದರೆ ನಾನು ಇವತ್ತಿಗೂ ಬಾಯಿ ಮುಕ್ಕಳಿಸಿ ಉಗುಳುತ್ತೇನೆ. ದೇವರ ಹೆಸರು, ಪಾಪ, ಅದರದೇನೂ ತಪ್ಪಿಲ್ಲ. ಆ ಹೆಸರಿಟ್ಟುಕೊಂಡವನು ನನ್ನ ನಾದಿನಿಗೆ ಮಾಡಿದ್ದು ಗೊತ್ತಾದರೆ ನೀವೂ ಹಾಗೇ ಮಾಡುತ್ತೀರಿ. "ಹೋಗ್ಲಿ ಬುಡೇ ಶಕುಂತಲಾ, ಹಳೇದು" ಅನ್ನುತ್ತಾರೆ ನನ್ನ ಗಂಡ ಅಣ್ಣಯ್ಯಪ್ಪ. ಅವರಿಗೇನು, ಉಂಡು ಮಲಗಿದರೆ ಎಲ್ಲವೂ ಹಳೇದೇ. ನಾನು ಕುಣಿಗಲ್ಲಿನವಳು, ಹಾಗೆಲ್ಲ ಬಿಡುವ ಪೈಕಿ ಅಲ್ಲ.

ನಾದಿನಿಯ ಹೆಸರು ಪುಟ್ಟತಾಯಮ್ಮ. ಅಜ್ಜಿಯ ಹೆಸರನ್ನೇ ಮೊಮ್ಮಗಳಿಗೆ ಇಟ್ಟಿದ್ದರು, ಮನೆಯಲ್ಲಿ ಪುಟ್ಟಿ. ನಾನು ನಿಟ್ಟೂರಿಗೆ ಸೊಸೆಯಾಗಿ ಬಂದಾಗ ಅವಳು ಬೆಳಗಿನ ಪ್ಯಾಸೆಂಜರ್ ಗಾಡಿ ಹಿಡಿದು ತುಮಕೂರಿಗೆ ಹೋಗಿ ಸಿವಿಲ್ ಡಿಪ್ಲೊಮಾ ಓದುತ್ತಿದ್ದಳು. ಊರಲ್ಲಿ ನಗುವವರು ನಕ್ಕರು. ಗಾರೆ ಕೆಲಸ ಕಲಿಯೋಕೆ ಕಾಲೇಜು ಬೇಕೇನ್ಲಾ ಅಂತ ನನ್ನ ಗಂಡನನ್ನು ಅರಳಿಕಟ್ಟೆ ಹತ್ತಿರ ಹಿಡಿದು ಕೇಳಿದರು. ಅವಳು ಯಾರಿಗೂ ಉತ್ತರ ಕೊಡಲಿಲ್ಲ. ಆದರೆ ಯಾರು ಏನಂದರು ಅನ್ನುವುದನ್ನು ಒಂದೂ ಬಿಡದೆ ನೆನಪಿಟ್ಟುಕೊಂಡಳು. ಆ ಗುಣಕ್ಕೇ ನಾನು ಅವಳನ್ನು ಮೆಚ್ಚಿದ್ದು.

ತೊಂಬತ್ತನಾಲ್ಕರಲ್ಲಿ ತುಮಕೂರಿನ ಕಂಟ್ರಾಕ್ಟರ್ ಮಹಾದೇವಯ್ಯನವರ ಕಂಪನಿಗೆ ಸೇರಿದಳು. ಅವರನ್ನು ಎಲ್ಲರೂ ಸಾವ್ಕಾರ್ರು ಅನ್ನುವುದು. ಹೈವೇ ಪಕ್ಕದ ಹೋಟೆಲು, ಕಲ್ಯಾಣ ಮಂಟಪ, ಗೋಡೌನು, ಆ ಕಾಲಕ್ಕೆ ಸುತ್ತಮುತ್ತ ಎದ್ದದ್ದರಲ್ಲಿ ಅರ್ಧ ಅವರ ಕೆಲಸ. ಸೂಪರ್‌ವೈಸರ್ ಆಗಿ ಹೋದ ಪುಟ್ಟಿ ಕ್ಯಾತ್ಸಂದ್ರದ ಒಂದು ಹಾಸ್ಟೆಲ್ ಕಟ್ಟಿ ಮುಗಿಸುವಷ್ಟರಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಆದಳು. ಹಾಗಂದರೇನೇ ಅಂತ ನಮ್ಮತ್ತೆ ಕೇಳಿದರು.

"ಮದುವೆ ಮನೇಲಿ ಸೆರಗು ಸೊಂಟಕ್ಕೆ ಸಿಗಿಸ್ಕೊಂಡು ಓಡಾಡೋರು ಇರ್ತಾರಲ್ಲವ್ವ, ಅಕ್ಕಿ ಬಂತಾ, ಅಡುಗೆಯೋನು ಬಂದ್ನಾ, ಓಲಗದೋರು ಎಲ್ಲಿ ಅಂತ? ಅದೇ ಕೆಲಸ. ಅಕ್ಕಿ ಬದ್ಲು ಸಿಮೆಂಟು, ಅಷ್ಟೆ" ಅಂದಳು.

"ಮತ್ತೆ ನಿನ್ ಮದುವೆ ಯಾವಾಗ?" ಅಂದರು ಅತ್ತೆ. ಅವರಿಗೆ ಎಲ್ಲಿ ಸುತ್ತಿದರೂ ಅಲ್ಲಿಗೇ ಬಂದು ನಿಲ್ಲಬೇಕು.

ನೋಡಲು ಬಂದ ಗಂಡುಗಳು ಒಂದಿಬ್ಬರಲ್ಲ. ಎಲ್ಲರೂ ಉಪ್ಪಿಟ್ಟು ತಿಂದು, ಕಟ್ಟಡಕ್ಕೆ ಕಟ್ಟಿದ ಸಾರ್ವೆ ಹತ್ತಿ ಗಂಡಾಳುಗಳಿಗೆ ಗದರುವ ಹೆಣ್ಣು ನಮಗೆ ಬೇಡ ಅಂದು ಹೋದರು. ಪುಟ್ಟಿಗೆ ಬೇಜಾರಾಗಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಬೇರೆ. ತುಮಕೂರಿನ ಆಫೀಸಿನಲ್ಲಿ ಗಾಜಿನ ಕೋಣೆಯೊಂದಿತ್ತು, ಅದರಲ್ಲಿ ಸೀನಿಯರ್ ಪ್ರಾಜೆಕ್ಟ್ ಮ್ಯಾನೇಜರ್ ಕೂರುವ ಕುರ್ಚಿ. ಯಾವ ಸೈಟಿಗೆ ಯಾರು ಹೋಗಬೇಕು, ಯಾವ ಕೆಲಸ ಯಾವಾಗ ಶುರುವಾಗಬೇಕು ಅನ್ನುವುದೆಲ್ಲ ಆ ಕುರ್ಚಿಯಿಂದ ಹೊರಡುವ ಮಾತು. ಅದರಲ್ಲಿ ಕೂರುತ್ತಿದ್ದ ವಯಸ್ಸಾದವರೊಬ್ಬರು ರಿಟೈರ್ ಆಗುವುದರಲ್ಲಿದ್ದರು. "ಅವರು ಎದ್ದ ಮೇಲೆ ಆ ಕುರ್ಚಿ ನಿಂಗೇ ಕಣಮ್ಮ" ಅಂತ ಸಾವ್ಕಾರ್ರು ಸ್ವಂತ ಬಾಯಲ್ಲಿ ಹೇಳಿದ್ದರು. ಪುಟ್ಟಿ ಆ ಮಾತನ್ನು ಮಾಂಗಲ್ಯದಷ್ಟು ಜೋಪಾನವಾಗಿ ಇಟ್ಟುಕೊಂಡಿದ್ದಳು.

ಅಷ್ಟರಲ್ಲಿ ಸಾವ್ಕಾರ್ರ ಮಗಳು ಪಲ್ಲವಿಯ ಮದುವೆಯಾಯಿತು. ಅಳಿಯ ಬಂದ. ಅವನೇ ಈ ಮಲ್ಲಿಕಾರ್ಜುನ್. ಬಿ.ಇ. ಮಾಡಿದ್ದ, ಬಿಳಿ ಪ್ಯಾಂಟು ಹಾಕುತ್ತಿದ್ದ. ಸೈಟಿಗೆ ಬಿಳಿ ಪ್ಯಾಂಟು ಹಾಕಿಕೊಂಡು ಬರುವವನು ಎಷ್ಟು ಕೆಲಸ ಮಾಡುತ್ತಾನೆ ಅಂತ ನನ್ನಂಥವಳಿಗೂ ಗೊತ್ತಾಗುತ್ತದೆ. ಬಂದ ಹೊಸದರಲ್ಲೇ ಪುಟ್ಟಿಯನ್ನು ಕರೆದು, "ಪುಟ್ಟತಾಯಮ್ಮ ಅಂದ್ರೆ ಪಾರ್ಟಿಗಳು ಅಡುಗೆಯವರು ಅನ್ಕೋತಾರೆ, ಕಾರ್ಡ್ ಮೇಲೆ ಬೇರೆ ಏನಾದ್ರೂ ಹಾಕ್ಸಿ" ಅಂದನಂತೆ. ಅವಳು ಕಾರ್ಡನ್ನೇ ಮಾಡಿಸಲಿಲ್ಲ.

ಆದರೆ ಒಂದು ವಿಷಯದಲ್ಲಿ ಅವನು ಏನೂ ಮಾಡುವಂತಿರಲಿಲ್ಲ. ಅದು ಕರಿಸಿದ್ದಪ್ಪನ ಗ್ಯಾಂಗು. ಕರಿಸಿದ್ದಪ್ಪ ಗುಬ್ಬಿ ಕಡೆಯ ಮೇಸ್ತ್ರಿ. ಅವನ ಹಿಂದೆ ಗಾರೆಯವರು, ಕಂಬಿ ಕಟ್ಟುವವರು, ಸೆಂಟ್ರಿಂಗ್‌ನವರು, ಹೆಣ್ಣಾಳುಗಳು ಎಲ್ಲ ಸೇರಿ ಒಂದು ಸಣ್ಣ ಊರೇ ಇತ್ತು. ಅವರಲ್ಲಿ ಒಂದು ಕಟ್ಟುಪಾಡು. ಹೊಸ ಕೆಲಸ ಒಪ್ಪುವಾಗ ಕೆಲಸ ಕೊಡುವವರ ಕೈಯಿಂದ ವೀಳ್ಯ ಈಸಿಕೊಳ್ಳಬೇಕು, ಅಂದರೆ ತೆಗೆದುಕೊಳ್ಳಬೇಕು. ವೀಳ್ಯದೆಲೆ, ಅಡಿಕೆ, ಒಂದು ತೆಂಗಿನಕಾಯಿ, ಇಷ್ಟೇ. ಯಾರ ಕೈಯಿಂದ ಈಸಿಕೊಂಡರೋ ಆ ಕೆಲಸ ಮುಗಿಯುವವರೆಗೆ ಅವರೇ ಯಜಮಾನರು, ಅವರ ಮಾತೇ ಮಾತು. ಕಂಪನಿ, ಸಾವ್ಕಾರ್ರು, ಬೋರ್ಡು ಯಾವುದೂ ಲೆಕ್ಕಕ್ಕಿಲ್ಲ. ಈಸಿಕೊಂಡ ವೀಳ್ಯವನ್ನು ತಿರುಗಿಸಿ ಕೊಡಲೂಬಹುದು, ಆದರೆ ತಿರುಗಿಸಿದವರು ಆ ಧಣಿಯ ಕೆಲಸಕ್ಕೆ ಮತ್ತೆ ಜನ್ಮದಲ್ಲಿ ಕಾಲಿಡುವಂತಿಲ್ಲ. ಮೊದಲಿನಿಂದ ಆ ಗ್ಯಾಂಗಿಗೆ ವೀಳ್ಯ ಕೊಡುತ್ತಿದ್ದವಳು ನಮ್ಮ ಪುಟ್ಟಿ.

ಇನ್ನು ಕುಣಿಗಲ್ಲಿನ ವಿಷಯ. ಹೇಳುವಾಗ ನನ್ನ ಮೈ ಈಗಲೂ ಉರಿಯುತ್ತದೆ, ಯಾಕೆಂದರೆ ಆ ಮದುವೆ ನಮ್ಮ ತವರಿನವರದೇ, ನಮ್ಮ ಚಿಕ್ಕಪ್ಪನ ಮಗಳದು. ಕುಣಿಗಲ್ಲಿನಲ್ಲಿ ಮಹಾದೇವಯ್ಯನವರ ಕಂಪನಿ ಒಂದು ಹೊಸ ಕಲ್ಯಾಣ ಮಂಟಪ ಕಟ್ಟುತ್ತಿತ್ತು. ಒಳಗಿನ ಕೆಲಸ ಮುಗಿದಿತ್ತು, ಅದರಲ್ಲಿ ಮೊದಲ ಮದುವೆಯೇ ಅದು. ಮುಂದುಗಡೆ ದೊಡ್ಡ ಪೋರ್ಟಿಕೋ, ಅದರ ಚಾವಣಿಗೆ ಕಾಂಕ್ರೀಟು ಮೋಲ್ಡ್ ಹಾಕಿ ಹೆಚ್ಚು ದಿನವಾಗಿರಲಿಲ್ಲ, ಇನ್ನೂ ಹಸಿ. ಕೆಳಗೆ ಸರ್ವೆ ಕಂಬಗಳ ಆಸರೆ ಇನ್ನೂ ನಿಂತಿತ್ತು. ಮದುವೆಯವರು ಬಂದರೆ ಕಂಬಗಳ ಮಧ್ಯೆ ನುಗ್ಗಿ ಬರಲಿ, ಆಸರೆ ಮುಟ್ಟಬೇಡಿ ಅಂತ ಪುಟ್ಟಿ ಹೇಳಿ ಜಲ್ಲಿ ವಿಷಯಕ್ಕೆ ತುಮಕೂರಿಗೆ ಹೋಗಿದ್ದಳು. ಅವಳು ಅತ್ತ ಹೋದದ್ದೇ ತಡ, ಮಲ್ಲಿಕಾರ್ಜುನ್ ಸೈಟಿಗೆ ಬಂದು ಕರಿಸಿದ್ದಪ್ಪನಿಗೆ ಹೇಳಿದ: "ಮೇಡಂ ಫೋನ್ ಮಾಡಿದ್ರು. ಕಂಬ ಬಿಚ್ಚಿಸ್ಬೇಕಂತೆ, ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ ಅಂತೆ."

ಮೇಡಂ ಅಂದರೆ ವೀಳ್ಯ ಕೊಟ್ಟವಳು, ಅವಳ ಮಾತೇ ಮಾತು. ಬಿಚ್ಚಿದರು.

ಮದುವೆಯ ಬೆಳಗ್ಗೆ ಪೋರ್ಟಿಕೋ ಮುಂದಕ್ಕೆ ಜೋತು ಬಿದ್ದು ಉದ್ದಕ್ಕೂ ಬಿರುಕು ಬಿಟ್ಟಿತು. ದೇವರು ದೊಡ್ಡವನು, ಕೆಳಗೆ ಯಾರೂ ಇರಲಿಲ್ಲ. ಆದರೆ ಗಂಡಿನ ದಿಬ್ಬಣ, ಓಲಗ, ಕಳಸ ಹಿಡಿದ ಮುತ್ತೈದೆಯರು ಎಲ್ಲ ಸುತ್ತಿ ಬಳಸಿ ಅಡುಗೆಮನೆಯ ಬಾಗಿಲಿಂದ ಒಳಗೆ ಬಂದರು. ಬೀಗರು ಎಲೆ ತೊಳೆದ ನೀರು ತುಳಿದುಕೊಂಡು ಬಂದದ್ದನ್ನು ನಾನೇ ಕಣ್ಣಾರೆ ಕಂಡೆ. ಚಿಕ್ಕಮ್ಮ ಅತ್ತ ಅಳು ಇನ್ನೂ ನನ್ನ ಕಿವಿಯಲ್ಲಿದೆ.

ಪುಟ್ಟಿ ತುಮಕೂರಿನಿಂದ ಬರುವ ಮೊದಲೇ ಸಾವ್ಕಾರ್ರು ಓಡಿ ಬಂದರು. ಯಾರು ಬಿಚ್ಚಿಸಿದ್ದು ಅಂತ ಕೂಗಿದರು. ಮಲ್ಲಿಕಾರ್ಜುನ್ ಕಣ್ಣು ಮಿಟುಕಿಸದೆ, "ಪುಟ್ಟತಾಯಮ್ಮನವರು ಮಾವ. ನಾನು ಬೇಡ ಅಂದೆ" ಅಂದ. ಕರಿಸಿದ್ದಪ್ಪ ಮುಂದೆ ಬಂದು, "ಇಲ್ಲ ಧಣಿ, ಈ ಸ್ವಾಮೇರೇ ಬಂದು ಹೇಳಿದ್ದು" ಅಂದರೆ, "ಮಗಳ ಗಂಡನಿಗಿಂತ ನಿನ್ನ ಮಾತು ಕೇಳ್ಬೇಕೇನಯ್ಯ?" ಅಂದರು ಸಾವ್ಕಾರ್ರು. ಎಂಥ ನ್ಯಾಯ ನೋಡಿ! ಅಡುಗೆಮನೆ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿದ ನಾನು ಕೈಯಲ್ಲಿದ್ದ ಸೌಟನ್ನು ಬೀಸಿ ಎಸೆಯುತ್ತಿದ್ದೆ, ನನ್ನ ಗಂಡ ರಟ್ಟೆ ಹಿಡಿದುಕೊಂಡರು.

ಪುಟ್ಟಿಯನ್ನು ಮಾರ್ಕೋನಹಳ್ಳಿಗೆ ಹಾಕಿದರು. ಅಲ್ಲಿ ಅಣೆಕಟ್ಟಿನ ಹತ್ತಿರ ಕಂಪನಿಯ ಒಂದು ತಗಡಿನ ಶೆಡ್ಡು, ಅದರ ತುಂಬ ಕಾಲುವೆ ಕೆಲಸದ ಪೈಪು. ಪೈಪು ಕಾಯುವುದು ಅವಳ ಕೆಲಸ. ಅದೇ ತಿಂಗಳು ಹಳಬರು ರಿಟೈರ್ ಆದರು, ಗಾಜಿನ ಕೋಣೆಯ ಕುರ್ಚಿಗೆ ಮಲ್ಲಿಕಾರ್ಜುನ್ ಬಂದು ಕೂತ. ಸೀನಿಯರ್ ಪ್ರಾಜೆಕ್ಟ್ ಮ್ಯಾನೇಜರ್ ಅಂತೆ! ತುಮಕೂರಿನಲ್ಲಿ ಸಿಹಿ ಹಂಚಿದರಂತೆ. ನಮ್ಮ ಮನೆಗೂ ಒಂದು ಡಬ್ಬ ಕಳಿಸಿದ್ದರು. ನಾನು ಅದನ್ನು ನಾಯಿಗೆ ಹಾಕಿದೆ, ನಾಯಿ ಮಾತ್ರ ಚೆನ್ನಾಗಿ ತಿಂದಿತು.

ಕೆಲಸ ಬಿಟ್ಟು ಬಾ ಪುಟ್ಟಿ ಅಂತ ನಾವೆಲ್ಲ ಹೇಳಿದೆವು. ಹಿತ್ತಿಲಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದ ಅವಳು ತಲೆ ಎತ್ತಲಿಲ್ಲ.

"ಬಿಡಲ್ಲ ಅತ್ಗೆ. ಬಿಟ್ರೆ ನಾನೇ ಮಾಡಿದ್ದು ಅಂತ ಆಯ್ತದೆ. ಆ ಕುರ್ಚಿ ನಂದು. ಅದ್ರಲ್ಲಿ ನಾನು ಕೂತ್ಕೋಬೇಕು, ಅವ್ನು ನನ್ ಮುಂದೆ ಕೈ ಕಟ್ಕೊಂಡು ನಿಂತು, ಕುಣಿಗಲ್ಲಲ್ಲಿ ನಾನೇ ಸುಳ್ಳು ಹೇಳಿದ್ದು ಅಂತ ಅನ್ಬೇಕು. ಅವತ್ತಿನವರ್ಗೂ ಪೈಪ್ ಕಾಯ್ತೀನಿ."

ಕಾದಳು. ನೀರಾವರಿ ಗದ್ದೆಗಳ ನಡುವೆ ಆ ತಗಡಿನ ಕೆಳಗೆ ವರ್ಷಗಟ್ಟಲೆ ಬೆಂದಳು. ಹಬ್ಬಕ್ಕೆ ಮನೆಗೆ ಬಂದರೆ ಹೋಳಿಗೆಯನ್ನೂ ಹಲ್ಲು ಕಚ್ಚಿಕೊಂಡೇ ತಿನ್ನುತ್ತಿದ್ದಳು.

ಅವಳ ಕಾಲ ಬಂದದ್ದು ಎರಡು ಸಾವಿರದ ಆರರಲ್ಲಿ. ಗುಬ್ಬಿಯ ಹತ್ತಿರ ತೆಂಗಿನಪುಡಿ ಮಾಡುವ ದೊಡ್ಡ ಕಾರ್ಖಾನೆಯ ಕಟ್ಟಡ ಕಂಪನಿಗೆ ಸಿಕ್ಕಿತು. ಅಷ್ಟು ದೊಡ್ಡ ಕೆಲಸ ಅವರ ಕೈಗೆ ಹಿಂದೆ ಸಿಕ್ಕಿರಲಿಲ್ಲ. ಕಾರ್ಖಾನೆಯವರು ಮಾತಿಗೆ ಖಡಕ್ಕು, ಹೇಳಿದ ತಾರೀಖಿಗೆ ಮುಗಿಯಬೇಕು, ಇಲ್ಲದಿದ್ದರೆ ಕಿತ್ತು ಬೇರೆಯವರಿಗೆ. ಕರಿಸಿದ್ದಪ್ಪನ ಗ್ಯಾಂಗಿಲ್ಲದೆ ಆಗುವ ಕೆಲಸವಲ್ಲ. ಮಲ್ಲಿಕಾರ್ಜುನ್ ಏನು ಮಾಡಿದ ಗೊತ್ತೇ? ಎಲೆ ಅಡಿಕೆ ಕಾಯಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಜೀಪಿನ ಡ್ರೈವರ್ ಕೈಲಿ ಕಳಿಸಿದ.

ಕರಿಸಿದ್ದಪ್ಪ ಕವರನ್ನು ನೋಡಿದ, ಡ್ರೈವರನ್ನು ನೋಡಿದ. "ನಿನ್ ಕೈಯಿಂದ ಈಸ್ಕೊಂಡ್ರೆ ನಾವು ನಿಂಗೆ ಆಳಾಯ್ತೀವಿ ಕಣಪ್ಪ. ನೀನು ಕಾರ್ಖಾನೆ ಕಟ್ಟಿಸ್ತೀಯಾ?" ಅಂದನಂತೆ. ಡ್ರೈವರು ಕವರ್ ಸಮೇತ ವಾಪಸ್ಸು ಹೋದ. ಆಮೇಲೆ ಮಲ್ಲಿಕಾರ್ಜುನನೇ ಹೋದ. ಮೇಸ್ತ್ರಿ ಎದ್ದು ನಿಂತು ಮರ್ಯಾದೆಯಿಂದಲೇ, "ಪುಟ್ಟವ್ವ ಹೂಂ ಅನ್ಲಿ ಸ್ವಾಮಿ, ಬತ್ತೀವಿ" ಅಂದ. ಪುಟ್ಟವ್ವ ಹೂಂ ಅನ್ನಲಿಲ್ಲ. ಮಾರ್ಕೋನಹಳ್ಳಿಯಿಂದ ನನಗೆ ಫೋನ್ ಮಾಡಿ, "ಅತ್ಗೆ, ಶುರುವಾಯ್ತು" ಅಂದಳು ಅಷ್ಟೆ. ಆ ದಿನ ನಾನು ಪಾಯಸ ಮಾಡಿದೆ.

ಅವನು ಎಲ್ಲೆಲ್ಲಿಂದಲೋ ಆಳು ತಂದ. ಬಂದವರು ಇವನ ಬೈಗುಳಕ್ಕೆ ಬೇಸತ್ತು ಗಂಟುಮೂಟೆ ಕಟ್ಟಿದರು. ಪಾಯದ ಗುಂಡಿಗಳಲ್ಲಿ ನೀರು ನಿಂತು ಕಪ್ಪೆ ಕೂಗಿದವು. ಕಾರ್ಖಾನೆಯವರು ಕೊನೆಯ ಮಾತು ಹೇಳಿಬಿಟ್ಟರು. ಆಗ ಸಾವ್ಕಾರ್ರ ಕಾರು ನಿಟ್ಟೂರಿಗೆ, ನಮ್ಮ ಮನೆಯ ಬಾಗಿಲಿಗೆ ಬಂತು. ಪುಟ್ಟಿ ರಜಕ್ಕೆ ಮನೆಗೆ ಬಂದಿದ್ದಳು. ಸಾವ್ಕಾರ್ರು ಸೊರಗಿಹೋಗಿದ್ದರು, ಮುಖದಲ್ಲಿ ಕಳೆಯೇ ಇಲ್ಲ. ನಾನು ಕಾಫಿ ಕೊಟ್ಟೆ, ಸಕ್ಕರೆ ಬೇಕಂತಲೇ ಕಡಿಮೆ ಹಾಕಿದೆ.

"ಏನ್ ಬೇಕಮ್ಮ ನಿಂಗೆ? ಕೇಳು" ಅಂದರು.

"ಕುರ್ಚಿ" ಅಂದಳು ಪುಟ್ಟಿ.

"ಆಯ್ತು. ಸೀನಿಯರ್ ಪ್ರಾಜೆಕ್ಟ್ ಮ್ಯಾನೇಜರ್ ನೀನೇ. ಅವನನ್ನ ಗುಬ್ಬಿ ಸೈಟಿಗೆ ಹಾಕ್ತೀನಿ, ನಿನ್ ಕೈ ಕೆಳಗೆ."

"ಇನ್ನೊಂದೈತೆ ಸಾವ್ಕಾರ್ರೆ. ಅವ್ರೇ ತಟ್ಟೇಲಿ ವೀಳ್ಯ ಇಟ್ಕೊಂಡು, ಇದೇ ಅಂಗಳಕ್ಕೆ ಬಂದು, ಗ್ಯಾಂಗ್‌ನೋರೆಲ್ಲ ನೋಡ್ತಿರೋ ಹಂಗೆ ನನ್ ಕೈಗೆ ಕೊಟ್ಟು ಕೇಳ್ಕೋಬೇಕು. ಕುಣಿಗಲ್ ವಿಷಯಾನೂ ಎಲ್ಲರ ಮುಂದೆ ಒಪ್ಕೋಬೇಕು."

ಸಾವ್ಕಾರ್ರು ಕಾಫಿ ಲೋಟವನ್ನು ಕೆಳಗಿಟ್ಟರು. ಕೊನೆಗೆ ಹೂಂ ಅಂದರು.

ಆ ಭಾನುವಾರ ನಮ್ಮ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕರಿಸಿದ್ದಪ್ಪ, ಅವನ ಗಂಡಾಳು ಹೆಣ್ಣಾಳು, ಅಕ್ಕಪಕ್ಕದವರು, ಹಿಂದೆ ನಕ್ಕಿದ್ದ ಅರಳಿಕಟ್ಟೆಯವರು. ಅವರನ್ನು ನಾನೇ ಮನೆಮನೆಗೆ ಹೋಗಿ ಕರೆದಿದ್ದೆ. ಮಲ್ಲಿಕಾರ್ಜುನ್ ಬಂದ. ಕೈಯಲ್ಲಿ ಹಿತ್ತಾಳೆ ತಟ್ಟೆ, ಅದರಲ್ಲಿ ವೀಳ್ಯ. ನಾವು ತಕ್ಷಣ ಹೊರಗೆ ಹೋಗಲಿಲ್ಲ. ಪುಟ್ಟಿ ಒಳಗೆ ನಿಧಾನವಾಗಿ ತಲೆ ಬಾಚಿಕೊಂಡಳು, ನಾನು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಬಿಸಿಲಲ್ಲಿ ನಿಂತು ಒಣಗಲಿ ಅಂತ.

ಅವಳು ಜಗಲಿಗೆ ಬರುತ್ತಿದ್ದ ಹಾಗೆ ಕರಿಸಿದ್ದಪ್ಪ ಎದ್ದು, "ಪುಟ್ಟವ್ವ, ಒಂದ್ ಮಾತೈತೆ" ಅಂದ.

"ಆಮೇಲೆ ಮೇಸ್ತ್ರಿ" ಅಂದಳು. ಅವಳ ಕಣ್ಣೆಲ್ಲ ತಟ್ಟೆಯ ಮೇಲೆ.

"ಅವ್ವಾ, ಈಗ್ಲೇ ಕೇಳು, ವೀಳ್ಯದ ವಿಷಯ..."

"ಸುಮ್ಕೆ ಕೂತ್ಕೊಳಪ್ಪ!" ಅಂತ ನಾನೂ ಗದರಿದೆ. ಅವನು ತಲೆ ತಗ್ಗಿಸಿ ಕೂತ.

"ಹೇಳಿ" ಅಂದಳು ಪುಟ್ಟಿ, ಮಲ್ಲಿಕಾರ್ಜುನನಿಗೆ. "ಕುಣಿಗಲ್ಲಲ್ಲಿ ಕಂಬ ಬಿಚ್ಚಿಸಿದ್ದು ಯಾರು?"

"ನಾನು" ಅಂದ, ಬಾಯೊಳಗೆ.

"ಹಿಂದಿರೋರಿಗೆ ಕೇಳಿಸ್ಲಿಲ್ಲ" ಅಂದೆ ನಾನು.

"ನಾನೇ ಬಿಚ್ಚಿಸಿದ್ದು. ಮೇಡಂ ಹೆಸರು ಹೇಳಿ ಬಿಚ್ಚಿಸಿದೆ. ಮಾವನ ಹತ್ರ ಸುಳ್ಳು ಹೇಳಿದೆ" ಅಂದ. ಅವನ ಕಿವಿ ಕೆಂಪಗಾಗಿತ್ತು. ಅಯ್ಯೋ, ಆ ಸುಖವನ್ನು ನಾನು ಹೇಗೆ ಹೇಳಲಿ! ಚಿಕ್ಕಮ್ಮನನ್ನೂ ಕರೆಸಬೇಕಿತ್ತು ಅನ್ನಿಸಿತು. ಪುಟ್ಟಿ ಎರಡೂ ಕೈ ಚಾಚಿ ತಟ್ಟೆಯಿಂದ ಎಲೆ, ಅಡಿಕೆ, ಕಾಯಿ ಎತ್ತಿಕೊಂಡಳು. ಅಂಗಳದ ತುಂಬ ಉಸಿರು ಬಿಟ್ಟ ಸದ್ದಾಯಿತು.

ಆಗ ಕರಿಸಿದ್ದಪ್ಪ ಎದ್ದ. ಹೆಗಲ ಮೇಲಿನ ಟವೆಲ್ಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ನಮ್ಮ ಪುಟ್ಟಿಯನ್ನು ದಾಟಿ ಮಲ್ಲಿಕಾರ್ಜುನನ ಮುಂದೆ ಹೋಗಿ ನಿಂತು ಕೇಳಿದ: "ಯಾವತ್ತಿಂದ ಬರಾಣ ಸ್ವಾಮಿ?"

"ಮೇಸ್ತ್ರಿ, ನನ್ನ ಕೇಳಪ್ಪ" ಅಂದಳು ಪುಟ್ಟಿ, ನಗುತ್ತಲೇ.

ಅವನು ತಿರುಗಿದ. ಅವನ ಕಣ್ಣಲ್ಲಿ ನೀರಿತ್ತು. "ಹೆಂಗ್ ಕೇಳ್ಲವ್ವ? ಕೊಟ್ಟೋರು ಅವ್ರು, ಈಸ್ಕೊಂಡೋಳು ನೀನು. ನಾವು ನಿನ್ ಕೈ ನಂಬ್ಕೊಂಡ್ ಇದ್ದೋರು. ಈಗ ನೀನೂ ನಾವೂ ಒಂದೇ ಸಾಲು, ಈ ಕೆಲಸಕ್ಕೆ ಅವ್ರೇ ಯಜಮಾನ್ರು. ಅದನ್ನೇ ಹೇಳಾಕ್ ಬಂದೆ, ನೀನು ಕೇಳ್ಲಿಲ್ಲ."

ಆಗ ನನಗೆ ಹೊಳೆಯಿತು. ಅಷ್ಟು ವರ್ಷ ವೀಳ್ಯ ಕೊಡುವ ಕಡೆ ನಿಂತವಳು ಅವಳು, ಈಸಿಕೊಳ್ಳುವ ಕಡೆ ನಿಂತರೆ ಏನಾಗುತ್ತದೆ ಅಂತ ಯೋಚಿಸಿರಲೇ ಇಲ್ಲ. ಅವನು ತಟ್ಟೆ ಹಿಡಿದು ಬಿಸಿಲಲ್ಲಿ ನಿಲ್ಲುವುದೊಂದೇ ಅವಳ ಕಣ್ಣಲ್ಲಿದ್ದದ್ದು. ಮಲ್ಲಿಕಾರ್ಜುನ್ ದಡ್ಡನಲ್ಲ, ಅವನಿಗೂ ಅರ್ಥವಾಯಿತು. ತಟ್ಟೆಯನ್ನು ಒಂದೇ ಕೈಗೆ ಬದಲಾಯಿಸಿಕೊಂಡ. ತುಟಿಯ ಒಂದು ಕಡೆಯಿಂದ ನಕ್ಕ. "ನಾಳೆಯಿಂದಲೇ ಬನ್ನಿ ಮೇಸ್ತ್ರಿ. ಮೇಡಂ ಆಫೀಸಲ್ಲಿ ಕೂತಿರ್ತಾರೆ, ಸೈಟ್ ನಾನು ನೋಡ್ಕೋತೀನಿ" ಅಂದ.

ಸಾವ್ಕಾರ್ರು ಸಮಾಧಾನದಿಂದ ಹೊಟ್ಟೆ ಸವರಿಕೊಂಡರು. "ಕುರ್ಚಿ ನಿಂದೇ ಕಣಮ್ಮ, ಕೊಟ್ಟ ಮಾತು ಕೊಟ್ಟಿದ್ದೇ. ಆರಾಮಾಗಿ ಕೂತ್ಕೋ" ಅಂದರು.

ಪುಟ್ಟಿ ಕೈಯಲ್ಲಿದ್ದ ಎಲೆಗಳನ್ನು ನೋಡುತ್ತ ನಿಂತಳು. ಹಾಗೇ ಇಟ್ಟುಕೊಂಡರೆ ನಾಳೆ ಆ ಗಾಜಿನ ಕೋಣೆ ಅವಳದು, ಹುದ್ದೆ ಅವಳದು, ಕೆಳಗೆ ಕೆಲಸ ಮಾತ್ರ ಅವನದು. ತಿರುಗಿಸಿದರೆ ಈ ಕಂಪನಿಯ ಬಾಗಿಲು ಅವಳಿಗೆ ಮುಚ್ಚಿದ ಹಾಗೆ, ಕುರ್ಚಿಯ ಆಸೆ ಅಲ್ಲಿಗೆ ಮುಗಿಯಿತು. ತೆಪ್ಪಗೆ ಇಟ್ಕೋ ಪುಟ್ಟಿ, ಆಮೇಲೆ ನೋಡ್ಕೊಳ್ಳೋಣ ಅಂತ ಅವಳಣ್ಣ ಬಾಗಿಲಿಂದ ಕಣ್ಸನ್ನೆ ಮಾಡಿದರು.  

ಅವಳು ಜಗಲಿ ಇಳಿದು ಮಲ್ಲಿಕಾರ್ಜುನನ ಹತ್ತಿರ ಹೋದಳು. ಕಾಯಿ ಇಟ್ಟಳು. ಅಡಿಕೆ ಇಟ್ಟಳು. ಎಲೆಗಳನ್ನು ಒಂದರ ಮೇಲೊಂದು ನೀಟಾಗಿ ಜೋಡಿಸಿ ಅವನ ತಟ್ಟೆಯಲ್ಲೇ ಇಟ್ಟಳು.

"ಕುರ್ಚಿ ಇವ್ರಿಗೇ ಇರ್ಲಿ ಸಾವ್ಕಾರ್ರೆ" ಅಂದಳು. "ಗುಬ್ಬೀಲಿ ಕಪ್ಪೆ ಕೂಗ್ತಿದಾವಂತಲ್ಲ, ಕೂತ್ಕೊಂಡು ಕೇಳ್ಲಿ."

ಹೆಣ್ಣಾಳುಗಳಲ್ಲಿ ಯಾರೋ ಕಿಸಕ್ಕನೆ ನಕ್ಕರು. ಕರಿಸಿದ್ದಪ್ಪ ಟವೆಲ್ಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡ. ಗ್ಯಾಂಗು ಎದ್ದು ಅವನ ಹಿಂದೆ ಹೊರಟಿತು. "ಅಮ್ಮಾ ಪುಟ್ಟತಾಯಮ್ಮ, ಯೋಚ್ನೆ ಮಾಡು" ಅಂತ ಸಾವ್ಕಾರ್ರು ಗೋಗರೆದರು. ಅವಳು ಒಳಗೆ ಬಂದು ಬಾಗಿಲು ಹಾಕಿಕೊಂಡಳು. ದೇವರ ಮನೆಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು, ನಾನು ಸುಮ್ಮನೆ ಬೆನ್ನು ಸವರಿದೆ.

ಗುಬ್ಬಿಯ ಕೆಲಸವನ್ನು ಕಿತ್ತು ಬೇರೆಯವರಿಗೆ ಕೊಟ್ಟರು. ಕಂಪನಿ ಆಮೇಲೆ ಮೇಲೇಳಲಿಲ್ಲ. ಮಲ್ಲಿಕಾರ್ಜುನನನ್ನು ಆ ಕುರ್ಚಿಯಿಂದ ಎಬ್ಬಿಸಿದ್ದು ಸ್ವಂತ ಮಾವನೇ. ಈಗ ತುಮಕೂರಿನಲ್ಲಿ ಹೆಂಡತಿ ಹೆಸರಿನ ಅಂಗಡಿಯಲ್ಲಿ ಟೈಲ್ಸ್ ಮಾರುತ್ತಾನೆ. ನಾನು ಪೇಟೆಗೆ ಹೋದಾಗಲೆಲ್ಲ ಅಲ್ಲಿಗೆ ಹೋಗುತ್ತೇನೆ. ಅದು ತೆಗೀರಿ, ಇದು ತೆಗೀರಿ, ಮೇಲಿನದು ತೋರಿಸಿ ಅಂತ ಏಣಿ ಹತ್ತಿಸಿ ಇಳಿಸಿ, ಏನೂ ಕೊಳ್ಳದೆ ಬರುತ್ತೇನೆ.

ಪುಟ್ಟಿಗೆ ಆಮೇಲೆ ಯಾವ ಕಂಪನಿಯೂ ದೊಡ್ಡ ಹುದ್ದೆ ಕೊಡಲಿಲ್ಲ. ವೀಳ್ಯ ತಿರುಗಿಸಿದವಳು ಅನ್ನುವ ಮಾತು ಅವಳಿಗಿಂತ ಮೊದಲೇ ಎಲ್ಲ ಆಫೀಸಿಗೂ ಹೋಗಿ ಕೂತಿತ್ತು. ಕರಿಸಿದ್ದಪ್ಪನ ಜೊತೆ ಗುಬ್ಬಿ, ನಿಟ್ಟೂರು ಸುತ್ತ ಮನೆಗಳನ್ನು ಕಟ್ಟಿಸುತ್ತಾಳೆ, ಟಿವಿಎಸ್ ಗಾಡಿಯಲ್ಲಿ ಓಡಾಡುತ್ತಾಳೆ. ಸೀನಿಯರ್ ಪ್ರಾಜೆಕ್ಟ್ ಮ್ಯಾನೇಜರ್ ಅನ್ನುವುದು ಅವಳ ಹೆಸರಿನ ಮುಂದೆ ಬರಲೇ ಇಲ್ಲ. ಮೊನ್ನೆ ಮಧ್ಯಾಹ್ನ ಊಟಕ್ಕೆ ಬಂದವಳಿಗೆ ಬಡಿಸುತ್ತಾ ಕೇಳಿಯೇಬಿಟ್ಟೆ, ಆ ಕುರ್ಚಿ ನೆನೆಸಿಕೊಂಡರೆ ಹೊಟ್ಟೆ ಉರಿಯಲ್ವೇನೇ ಅಂತ.

"ಉರೀತದೆ ಅತ್ಗೆ. ದಿನಾ ಉರೀತದೆ. ನಂಗದು ಬೇಕಿತ್ತು" ಅಂದಳು. ಸಾರಿಗೆ ಮುದ್ದೆ ಅದ್ದುತ್ತಾ ಕೇಳಿದಳು: "ಅವ್ನ್ಗೂ ಉರೀತಿರ್ಬೋದಾ?"

"ನಿನ್ಗಿಂತ ಜಾಸ್ತಿ. ಹೋದ ವಾರ ನಾನೇ ನೋಡ್ಕೊಂಡು ಬಂದೆ" ಅಂದೆ.

"ಹಂಗಾದ್ರೆ ಇನ್ನೊಂದು ಮುದ್ದೆ ಹಾಕಿ" ಅಂದಳು.